ಕೋರ್ಟು ಏಳುವ ತನಕ

ರಾಣೆಬೆನ್ನೂರು

ನಾನು ವಿದೇಶ ಕಂಡದ್ದು ಜೀವನದಲ್ಲಿ ಒಂದೇ ಸಲ, ಅದೂ ನಾಲ್ಕು ವಾರ. ಆದರೂ ರಾಣೆಬೆನ್ನೂರಿನ ವಕೀಲರ ಕೋಣೆಯಲ್ಲಿ ಇವತ್ತಿಗೂ ನನ್ನನ್ನು ‘ಅಮೆರಿಕಾ ವಕೀಲರು’ ಎಂದೇ ಕರೆಯುತ್ತಾರೆ. ಹೊಸ ಹುಡುಗರು ನನಗೆ ಅಲ್ಲಿನ ಕಾನೂನೆಲ್ಲ ಬಾಯಿಪಾಠ ಎಂದುಕೊಂಡಿದ್ದಾರೆ. ನಾನೂ ಅವರ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ.

ತೊಂಬತ್ತರ ದಶಕದ ಮಾತು. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಸ್ವಲ್ಪ ದೊಡ್ಡ ಕೆಲಸವೆಂದರೆ ಧಾರವಾಡಕ್ಕೇ ಹೋಗಬೇಕು. ಒಂದು ಸೇವಾ ಸಂಸ್ಥೆಯವರು ಬೇರೆ ಬೇರೆ ಉದ್ಯೋಗದ ಐದು ಜನರನ್ನು ಆರಿಸಿ, ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಉಳಿಸಿ, ಅಲ್ಲಿನವರು ಹೇಗೆ ಬದುಕುತ್ತಾರೆ, ಹೇಗೆ ಕೆಲಸ ಮಾಡುತ್ತಾರೆ ಎಂದು ತೋರಿಸುವ ಯೋಜನೆ ಮಾಡಿದ್ದರು. ವಕೀಲರ ಪೈಕಿ ನನ್ನನ್ನು ಆರಿಸಿದರು. ನನ್ನ ಇಂಗ್ಲಿಷು ಬಲವಾಗಿತ್ತೆಂದಲ್ಲ, ಅರ್ಜಿ ಹಾಕಿದ ವಕೀಲ ನಾನೊಬ್ಬನೇ ಇದ್ದೆ. ಗಾದಿ ಹೊಲಿಯುತ್ತಿದ್ದ ಅಬ್ಬಾನ ಮಗ ವಿಮಾನ ಹತ್ತುತ್ತಾನೆಂದು ಇಡೀ ಓಣಿ ಸಂಭ್ರಮಪಟ್ಟಿತು.

ಹೊರಡುವ ಹಿಂದಿನ ವಾರ ಪಾಸ್‌ಪೋರ್ಟು, ಕೋಟು, ಸೂಟ್‌ಕೇಸು ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಫಕ್ಕೀರಪ್ಪ ಆಫೀಸಿಗೆ ಬಂದ. ಅವನನ್ನು ಓದುಗರಿಗೆ ಪರಿಚಯಿಸಲೇಬೇಕು, ಯಾಕೆಂದರೆ ಈ ಪ್ರವಾಸದುದ್ದಕ್ಕೂ ನನ್ನ ಜೊತೆ ಇದ್ದವನು ಅವನೇ.

ಫಕ್ಕೀರಪ್ಪ ಮೋಟೆಬೆನ್ನೂರಿನವನು. ರಾಣೆಬೆನ್ನೂರಿನ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಕೆಂಪು ಕೋಟು, ಭುಜದ ಮೇಲೆ ಹಳದಿ ಜರಿ, ಕಾಲಲ್ಲಿ ಹವಾಯಿ ಚಪ್ಪಲಿ. ಮದುವೆಯ ಮೆರವಣಿಗೆ ಮುಗಿಯುವಷ್ಟರಲ್ಲಿ ಕೊನೇ ಬಸ್ಸು ಹೋಗಿರುತ್ತಿತ್ತು. ಆಗ ಬೀಗ ಹಾಕದ ಸೈಕಲ್ಲೊಂದು ಕಣ್ಣಿಗೆ ಬಿದ್ದರೆ ಹತ್ತಿಕೊಂಡು ಊರಿಗೆ ಹೋಗಿಬಿಡುವನು. ಬೆಳಿಗ್ಗೆ ಆ ಸೈಕಲ್ಲು ಮೋಟೆಬೆನ್ನೂರಿನ ಹೆದ್ದಾರಿ ಬದಿಯ ಚಹಾದಂಗಡಿಯ ಮುಂದೆ ನಿಂತಿರುತ್ತಿತ್ತು. ಮಾರಿದ್ದಿಲ್ಲ, ಬಿಡಿಭಾಗ ಬಿಚ್ಚಿದ್ದಿಲ್ಲ. ಒಮ್ಮೆಯಂತೂ ಚೈನಿಗೆ ಎಣ್ಣೆ ಬಿಟ್ಟು ನಿಲ್ಲಿಸಿದ್ದ. ಆದರೆ ಕಳಕೊಂಡವನಿಗೆ ಅದು ಕಳವೇ, ಪೊಲೀಸರಿಗೂ ಕಳವೇ.

ಮೊದಲನೇ ಸೈಕಲ್ಲು ಬ್ಯಾಡಗಿಯ ಮದುವೆಯಲ್ಲಿ, ಎರಡನೆಯದು ಹಾವೇರಿಯಲ್ಲಿ. ಎರಡು ಸಲವೂ ನಾನೇ ವಕೀಲ, ಎರಡು ಸಲವೂ ನಾನು ಕೊಟ್ಟ ಸಲಹೆ ಒಂದೇ: ಒಪ್ಪಿಕೊಂಡುಬಿಡು. ಸಣ್ಣ ಪ್ರಕರಣಗಳಲ್ಲಿ ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಇಲ್ಲವೆಂದು ವಾದಿಸಿದರೆ ವರ್ಷಗಟ್ಟಲೆ ತಾರೀಖು. ಸಾಕ್ಷಿ ಬರುವುದಿಲ್ಲ, ಬಂದರೆ ಮ್ಯಾಜಿಸ್ಟ್ರೇಟ್ ಸಾಹೇಬರಿಗೆ ರಜೆ. ಒಪ್ಪಿಕೊಂಡರೆ ಸಣ್ಣ ದಂಡ, ಜೊತೆಗೆ ‘ಕೋರ್ಟು ಏಳುವ ತನಕ’ ಸಜೆ. ಅಂದರೆ ಆರೋಪಿ ಕೋರ್ಟಿನ ಹಿಂದಿನ ಗೋಡೆಗಿದ್ದ ಉದ್ದನೆಯ ಬೆಂಚಿನ ಮೇಲೆ, ಮ್ಯಾಜಿಸ್ಟ್ರೇಟರು ಕುರ್ಚಿ ಬಿಟ್ಟು ಏಳುವ ತನಕ ಕೂತಿರಬೇಕು. ಅವರು ಎದ್ದರೆ ಇವನ ಶಿಕ್ಷೆಯೂ ಮುಗಿಯಿತು. ಫಕ್ಕೀರಪ್ಪ ಅಲ್ಲಿ ಕೂತು ಮೊಣಕಾಲಿನ ಮೇಲೆ ಬೆರಳಾಡಿಸುತ್ತ ಸದ್ದಿಲ್ಲದೆ ಕ್ಲಾರಿನೆಟ್ ನುಡಿಸುತ್ತಿದ್ದ. ನಾನು ಬೇರೆ ಕೆಲಸದ ನಡುವೆ ಅವನ ಬೆರಳು ನೋಡಿ ಇದು ಯಾವ ಹಾಡೆಂದು ಊಹಿಸುತ್ತಿದ್ದೆ.

ಮೂರನೇ ಸೈಕಲ್ಲಿನಲ್ಲಿ ಅವನು ಎಡವಿದ. ಚುನಾವಣೆ ಹತ್ತಿರ ಬಂದಿತ್ತು. ಮುಖಂಡರೊಬ್ಬರ ಮೆರವಣಿಗೆಗೆ ಇವರದೇ ಬ್ಯಾಂಡು. ಮೆರವಣಿಗೆಯ ಕೊನೆಗೆ ಮುಖಂಡರು ಮೈಕು ಹಿಡಿದು, ಊರಲ್ಲಿ ಕಳವು ಹೆಚ್ಚಾಗಿದೆ, ಬುದ್ಧಿ ಬಾರದ ಕಳ್ಳರನ್ನು ಜೀವಮಾನವಿಡೀ ಒಳಗೆ ಹಾಕಿಸುತ್ತೇವೆ ಎಂದು ಗುಡುಗಿದರು. ಜನ ಚಪ್ಪಾಳೆ ತಟ್ಟಿದರು. ಫಕ್ಕೀರಪ್ಪ ಚಪ್ಪಾಳೆಗೆ ತಕ್ಕಂತೆ ಕ್ಲಾರಿನೆಟ್ ಊದಿದ. ಆಮೇಲೆ ಬಸ್ಸು ತಪ್ಪಿತೆಂದು ಅದೇ ಮುಖಂಡರ ಕಾರ್ಯಕರ್ತನ ಸೈಕಲ್ಲು ಹತ್ತಿ ಊರಿಗೆ ಹೋದ.

ಈ ಸಲದ ಚಾರ್ಜ್‌ಶೀಟಿನ ಕೊನೆಗೆ ಒಂದು ಸಾಲು ಹೆಚ್ಚಾಗಿತ್ತು: ಎಪ್ಪತ್ತೈದನೇ ಕಲಂ. ಬ್ರಿಟಿಷರ ಕಾಲದ್ದು. ಮೊದಲೊಮ್ಮೆ ಕಳವಿಗೆ ಶಿಕ್ಷೆಯಾದವನು ಮತ್ತೆ ಕದ್ದರೆ ಹತ್ತು ವರ್ಷ, ಬೇಕೆಂದರೆ ಜೀವಾವಧಿಯವರೆಗೂ ಕೊಡಬಹುದು ಎನ್ನುವ ಕಲಂ ಅದು. ಸೈಕಲ್ಲಿಗೆ ಅದನ್ನು ಹಚ್ಚಿದ್ದನ್ನು ನಾನು ಕಂಡೇ ಇರಲಿಲ್ಲ. ಪುಸ್ತಕದಲ್ಲಿ ಮಲಗಿದ್ದುದನ್ನು ಭಾಷಣ ಎಬ್ಬಿಸಿತ್ತು. ಚುನಾವಣೆಯ ಆರ್ಭಟ, ಮುಗಿದ ಮೇಲೆ ತಾನೇ ತಣ್ಣಗಾಗುತ್ತದೆ ಎಂದುಕೊಂಡು ನಾನು ಫೈಲು ಮುಚ್ಚಿದೆ.

“ಈ ಸಲಾನೂ ಒಪ್ಪಿಕೊಂಡಬಿಡ್ಲೇನ್ರಿ ವಕೀಲ್ರ?” ಎಂದ ಫಕ್ಕೀರಪ್ಪ.

“ಒಪ್ಪಿಕೊಂಡಬಿಡು. ನಾ ಊರಾಗ ಇರೂದಿಲ್ಲ, ನನ್ನ ಜೂನಿಯರ್ ಮಂಜುನಾಥ ಇರ್ತಾನ. ಸಂಜೀತನಕ ಕುಂತು ಮನೀಗೆ ಹೋಗು.”

“ನೀವು ಹೇಳಿದ್ರ ಮುಗೀತ್ರಿ. ಅಮೇರಿಕಾದಾಗ ಬ್ಯಾಂಡ್ ಇರ್ತೈತೇನ್ರಿ?”

“ಇರಬೇಕು. ಕೇಳ್ಕೊಂಡು ಬರ್ತೇನಿ ತಗೋ.”

ಇಷ್ಟೇ ನಮ್ಮ ಮಾತು. ನನಗೆ ಆಗ ಸೂಟ್‌ಕೇಸಿನ ಬೀಗದ ಚಿಂತೆ ದೊಡ್ಡದಾಗಿತ್ತು.

ವಿಮಾನ ಇಳಿದಲ್ಲಿ

ವಿಮಾನದ ಬಗ್ಗೆ ಬರೆಯುವಂಥದ್ದೇನಿಲ್ಲ. ಕೂತೆವು, ಕೂತೇ ಇದ್ದೆವು, ಇಳಿದೆವು. ಇಳಿದ ಮೇಲೆ ಸಾಮಾನು ತಪಾಸಣೆ ಮಾಡುವ ದಪ್ಪ ಮೀಸೆಯ ಅಧಿಕಾರಿ ನನ್ನ ಸೂಟ್‌ಕೇಸು ಬಿಚ್ಚಿ, ಹಳೇ ಲುಂಗಿಯಲ್ಲಿ ಸುತ್ತಿದ್ದ ಗಂಟೊಂದನ್ನು ಹೊರಗೆಳೆದ. ನನ್ನ ಹೆಂಡತಿ ಹಸೀನಾ ಕಟ್ಟಿಕೊಟ್ಟ ಖಡಕ್ ರೊಟ್ಟಿ. ಅವನು ಒಂದನ್ನು ಎತ್ತಿ ಮೇಜಿಗೆ ಬಡಿದು ನೋಡಿದ. ಟಣ್ ಎಂದಿತು.

“ಇದೇನು?”

“ಊಟ,” ಎಂದೆ.

ಅವನು ಇನ್ನೊಮ್ಮೆ ಬಡಿದ. ಪಕ್ಕದ ಮೇಜಿನ ಹೆಣ್ಣುಮಗಳನ್ನು ಕರೆದು ತೋರಿಸಿದ. ಆಕೆಯೂ ಬಡಿದಳು. ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ತಿಂದು ತೋರಿಸಿದ ಮೇಲೆ ನಂಬಿಕೆ ಬಂತು. “ನಿಮ್ಮ ಹಲ್ಲು ಗಟ್ಟಿಯಾಗಿವೆ,” ಎಂದು ಹೇಳಿ ಬಿಟ್ಟುಕೊಟ್ಟ. ನನ್ನ ಜೊತೆ ಬಂದಿದ್ದ ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಈ ಸರ್ಟಿಫಿಕೇಟನ್ನು ನಾಲ್ಕು ವಾರವೂ ನನಗೆ ನೆನಪಿಸುತ್ತಿದ್ದರು.

ದ್ರಾಕ್ಷಿಯ ಊರು

ನಾನು ಉಳಿದದ್ದು ಕ್ಯಾಲಿಫೋರ್ನಿಯಾದ ಒಳನಾಡಿನ ಒಂದು ಸಣ್ಣ ಊರಲ್ಲಿ, ಹೆರಾಲ್ಡ್ ಮತ್ತು ಮಾರ್ಗರೆಟ್ ಎಂಬ ದಂಪತಿಯ ಮನೆಯಲ್ಲಿ. ಅವರದು ದ್ರಾಕ್ಷಿ ತೋಟ. ಅದು ಒಣದ್ರಾಕ್ಷಿ ಮಾಡುವ ಕಾಲ. ಬಳ್ಳಿಗಳ ಸಾಲಿನ ನಡುವೆ ನೆಲದ ಮೇಲೆ ಕಾಗದ ಹಾಸಿ ಗೊಂಚಲುಗಳನ್ನು ಬಿಸಿಲಿಗೆ ಹರವಿದ್ದರು. ದಿಗಂತದವರೆಗೂ ಅದೇ. ಅದನ್ನು ಕಂಡ ಕೂಡಲೇ ನನಗೆ ಬ್ಯಾಡಗಿಯ ಮೆಣಸಿನಕಾಯಿ ಕಣಗಳು ನೆನಪಾಗಿ ಊರಿನ ಹಂಬಲ ಹತ್ತಿತು. ಊರು ಬಿಟ್ಟು ಮೂರೇ ದಿನವಾಗಿತ್ತು, ಹೇಳಿಕೊಳ್ಳಲು ನಾಚಿಕೆ. ಹೆಂಡತಿಯ ತವರು ಬ್ಯಾಡಗಿ. ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಹೋದಾಗೆಲ್ಲ ಆ ಕೆಂಪು ಹಾಸಿನ ಪಕ್ಕ ನಡೆಯುತ್ತಿದ್ದೆವು. ಮಾತಾಡಲು ನಮಗೆ ತೋಚುತ್ತಿರಲಿಲ್ಲ, ಇಬ್ಬರೂ ಸೀನುತ್ತಿದ್ದೆವು.

ಭಾರತದವರು ಮಾಂಸ ತಿನ್ನುವುದಿಲ್ಲ ಎಂದು ಮಾರ್ಗರೆಟ್ ಎಲ್ಲೋ ಓದಿಕೊಂಡಿದ್ದರು. ಹೀಗಾಗಿ ಮೊದಲ ದಿನದಿಂದಲೇ ನನ್ನ ಮುಂದೆ ಒಂದು ದೊಡ್ಡ ಬೋಗುಣಿ ತುಂಬ ಹಸಿ ಸೊಪ್ಪು. ಅವರ ಮುಖದಲ್ಲಿದ್ದ ಕಾಳಜಿ ನೋಡಿ, ನಾನು ಸಾಬರ ಮನೆಯವನು, ನಮ್ಮಲ್ಲಿ ಶುಕ್ರವಾರ ಬಿರಿಯಾನಿ ಇಲ್ಲದಿದ್ದರೆ ಅಮ್ಮಿ ಊಟಕ್ಕೇ ಕೂರುವುದಿಲ್ಲ ಎಂದು ಹೇಳಲು ನಾಲಗೆ ಏಳಲಿಲ್ಲ. ಅಲ್ಲಿ ಹಲಾಲಿನ ಅಂಗಡಿಯೂ ಇರಲಿಲ್ಲವಾದ್ದರಿಂದ ಸುಮ್ಮನಿರುವುದೇ ಸರಿಯೆನಿಸಿತು. ಖಡಕ್ ರೊಟ್ಟಿ ಮುರಿದು ಆ ಸೊಪ್ಪಿನ ಮೇಲೆ ಉದುರಿಸಿ, ಶೇಂಗಾ ಚಟ್ನಿ ಹಾಕಿ ತಿಂದೆ. ಎರಡನೇ ವಾರ ಹೆರಾಲ್ಡ್ ಕೂಡ ಒಂದು ತುಂಡು ಕೇಳಿ ತಿನ್ನತೊಡಗಿದ.

ಆ ಮನೆಯ ಬಾಗಿಲಿಗೆ ಅವರು ಬೀಗ ಹಾಕುತ್ತಿರಲಿಲ್ಲ. ಕಾರಿನ ಕೀಲಿ ಕಾರಿನಲ್ಲೇ ನೇತಾಡುತ್ತಿತ್ತು. ನಮ್ಮ ಫಕ್ಕೀರಪ್ಪ ಇಲ್ಲಿ ಹುಟ್ಟಿದ್ದರೆ ಕಾರಿನಲ್ಲೇ ಮನೆಗೆ ಹೋಗುತ್ತಿದ್ದನಲ್ಲ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಆದರೆ ಅದೇ ಮನೆಯ ಅಂಗಳದಲ್ಲಿ ಹುಲ್ಲಿನ ಮೇಲೆ ಒಂದು ಫಲಕ ನೆಟ್ಟಿತ್ತು: ಮೂರು ಸಲ ತಪ್ಪು ಮಾಡಿದವನು ಹೊರಗೆ ಬರಬಾರದು ಎಂಬ ಕಾನೂನಿಗೆ ಮತ ಕೊಡಿ ಎಂದು. ಬೀದಿಯ ಎಲ್ಲ ಮನೆಗಳ ಮುಂದೆಯೂ ಅಂಥದೇ ಫಲಕಗಳು.

ಅಲ್ಲೂ ಚುನಾವಣೆಯ ಕಾಲವೇ. ರಾಜ್ಯದ ಶಾಸಕರು ಆಗಲೇ ಆ ಕಾನೂನನ್ನು ಮಾಡಿ ಮುಗಿಸಿದ್ದರು. ಸಾಲದೆಂದು ಅದನ್ನೇ ಜನರ ಮತಕ್ಕೂ ಹಾಕುತ್ತಿದ್ದರು. ರಾತ್ರಿಯೂಟದ ಮುಂಚೆ ಟಿ.ವಿ. ಹಚ್ಚಿದರೆ ಅಭ್ಯರ್ಥಿಗಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಾನು ಹೆಚ್ಚು ಬಿಗಿ, ನಾನು ಹೆಚ್ಚು ಬಿಗಿ ಎನ್ನುತ್ತಿದ್ದರು. ನನಗೆ ಹೆಚ್ಚು ಸೋಜಿಗವಾದದ್ದು ಬೇರೆ. ಅಲ್ಲಿ ಜಿಲ್ಲೆಯ ಸರ್ಕಾರಿ ವಕೀಲರೂ ಮತ ಕೇಳಿ ಗೆಲ್ಲಬೇಕು, ನ್ಯಾಯಾಧೀಶರೂ ಮತಕ್ಕೆ ನಿಲ್ಲಬೇಕು. ನಮ್ಮ ಸಾಹೇಬರು ಕೈ ಮುಗಿದುಕೊಂಡು ಮನೆಮನೆಗೆ ಬರುವುದನ್ನು ಕಲ್ಪಿಸಿಕೊಂಡು ನಾನು ಬಹಳ ಹೊತ್ತು ಸುಧಾರಿಸಿಕೊಳ್ಳಬೇಕಾಯಿತು.

“ಇದು ನಮ್ಮ ಬೇಸ್‌ಬಾಲಿನ ನಿಯಮ,” ಎಂದು ಹೆರಾಲ್ಡ್ ವಿವರಿಸಿದ. “ಮೂರು ಸಲ ಚೆಂಡು ಹೊಡೆಯಲು ತಪ್ಪಿದರೆ ಔಟ್.”

“ನಮ್ಮ ಕಡೆ ಕಬಡ್ಡಿ ಅಂತ ಆಟ ಇದೆ,” ಎಂದೆ ನಾನು. “ಔಟಾದವನು ಹೊರಗೆ ಕೂರುತ್ತಾನೆ. ತಂಡದವರು ಅಂಕ ತಂದರೆ ಮತ್ತೆ ಒಳಗೆ ಬರುತ್ತಾನೆ.”

“ಎಷ್ಟು ಸಲ?”

“ಆಟ ಮುಗಿಯುವ ತನಕ, ಎಷ್ಟು ಸಲವಾದರೂ.”

ಹೆರಾಲ್ಡ್ ತಲೆಯಾಡಿಸಿದ. “ಮಾರ್ಗರೆಟಳ ತಮ್ಮನ ಅಂಗಡಿಗೆ ಒಬ್ಬನೇ ಮನುಷ್ಯ ನಾಲ್ಕು ಸಲ ನುಗ್ಗಿದ. ನಾಲ್ಕನೇ ಸಲ ತಮ್ಮನಿಗೇ ಹೊಡೆದ. ಅವನ ಒಂದು ಕಿವಿ ಈಗ ಕೇಳುವುದಿಲ್ಲ. ನೀವು ಇದಕ್ಕೆ ಏನು ಹೇಳುತ್ತೀರಿ?”

ಹೆರಾಲ್ಡ್ ಕೆಟ್ಟವನಲ್ಲ. ಹೆದರಿದವನು, ಹೆದರಿಕೆಗೆ ಕಾರಣವೂ ಇತ್ತು. ಆದರೆ ನುಗ್ಗಿ ಹೊಡೆದವನನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಬೇರೆ ಯಾರ್ಯಾರು ಬೀಳುತ್ತಾರೆಂದು ಇಬ್ಬರಿಗೂ ಆ ಸಂಜೆ ಗೊತ್ತಿರಲಿಲ್ಲ.

ಕೋರ್ಟಿನ ಮೆಟ್ಟಿಲು

ಮೂರನೇ ವಾರ ನನ್ನನ್ನು ಅಲ್ಲಿನ ಕೋರ್ಟಿಗೆ ಕರೆದೊಯ್ದರು. ಏನು ಕಟ್ಟಡ, ಏನು ನೆಲ! ಫ್ಯಾನಿನ ಕಿರಿಕಿರಿಯಿಲ್ಲ, ಕಿಟಕಿಯಲ್ಲಿ ಪಾರಿವಾಳವಿಲ್ಲ, ಹೊರಗಿನಿಂದ “ಫಲಾನೆಯವರು ಹಾಜರ್ ಹೈ” ಎಂದು ಮೂರು ಸಲ ಕೂಗುವ ಜವಾನನಿಲ್ಲ. ನಮ್ಮ ಕೋರ್ಟಿನ ಮುಂದಿನ ಬೇವಿನ ಮರ, ಅದರ ಕೆಳಗಿನ ಟೈಪಿಂಗ್ ಮಶೀನುಗಳ ಸದ್ದು, ಕಕ್ಷಿದಾರರು ಬುತ್ತಿ ಬಿಚ್ಚಿದಾಗಿನ ಉಳ್ಳಾಗಡ್ಡಿ ವಾಸನೆ ಎಲ್ಲ ಒಟ್ಟಿಗೆ ನೆನಪಾದವು. ಅಲ್ಲಿ ಯಾವ ವಾಸನೆಯೂ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತೆ. ಬೂದು ಗಡ್ಡದ, ಐವತ್ತು ದಾಟಿದ ಒಬ್ಬನನ್ನು ಕರೆತಂದರು. ಯಾರದೋ ಮನೆಯ ಕಾರ್ ಷೆಡ್ಡಿಗೆ ಹೊಕ್ಕು ಗೋಡೆಗೆ ತೂತು ಕೊರೆಯುವ ಯಂತ್ರವೊಂದನ್ನು ಎತ್ತಿಕೊಂಡು ಹೋಗಿದ್ದನಂತೆ. ಸರ್ಕಾರಿ ವಕೀಲ ಎದ್ದು ಎರಡು ಹಳೆಯ ಕಾಗದ ಓದಿದ. ಹರೆಯದಲ್ಲಿ ಎರಡು ಸಲ ಮನೆಗಳ್ಳತನ ಮಾಡಿದ್ದೆ ಎಂದು ಅವನೇ ಒಪ್ಪಿ ಸಹಿ ಹಾಕಿದ ಕಾಗದಗಳು. ಹೊಸ ಕಾನೂನು ಹುಟ್ಟುವ ಎಷ್ಟೋ ವರ್ಷ ಮುಂಚಿನವು. ಆದರೂ ಲೆಕ್ಕಕ್ಕೆ ಬಂದವು. ಒಂದು, ಎರಡು, ಈಗಿನದು ಮೂರು.

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈ ಕಾನೂನಿನಡಿ ನನಗೆ ಬೇರೆ ದಾರಿ ಇಲ್ಲ,” ಎಂದರು. ಕನಿಷ್ಠ ಇಪ್ಪತ್ತೈದು ವರ್ಷ, ಹೆಚ್ಚೆಂದರೆ ಜೀವಾವಧಿ. ಗಡ್ಡದವನು ತನ್ನ ವಕೀಲೆಯ ಕಡೆ ತಿರುಗಿ ಏನೋ ಕೇಳಿದ. ಅವನನ್ನು ಕರೆದುಕೊಂಡು ಹೋದರು. ಇಡೀ ಕೆಲಸ ಮುಗಿಯಲು ನಮ್ಮಲ್ಲಿ ಒಂದು ತಾರೀಖು ಕೊಡಲು ಹಿಡಿಯುವಷ್ಟೇ ಹೊತ್ತು ಹಿಡಿಯಿತು.

ಹೊರಗೆ ಬಂದಾಗ ಆ ವಕೀಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. ಬಡವರ ಪರವಾಗಿ ಸರ್ಕಾರವೇ ನೇಮಿಸುವ ವಕೀಲೆ. ನಾನೂ ವಕೀಲ, ಭಾರತದಿಂದ ಬಂದವನು ಎಂದು ಹೇಳಿಕೊಂಡು ಸ್ವಲ್ಪ ದೂರದಲ್ಲಿ ಕೂತೆ.

“ಅವನು ನಿಮ್ಮನ್ನು ಏನು ಕೇಳಿದ?” ಎಂದೆ.

“ಸಂಜೆಗೆ ಮನೆಗೆ ಹೋಗಬಹುದಾ ಅಂತ.” ಆಕೆ ತನ್ನ ಬರಿಗಾಲನ್ನು ನೋಡುತ್ತಿದ್ದಳು. “ಯಾಕೆ ಹಾಗೆ ಕೇಳಿದ ಗೊತ್ತಾ? ಎರಡನೇ ಸಲದ ಕಾಗದಕ್ಕೆ ಸಹಿ ಮಾಡಿಸಿದವಳು ನಾನೇ. ಆಗ ಕೆಲಸಕ್ಕೆ ಹೊಸಬಳು. ಒಪ್ಪಿಕೊಂಡುಬಿಡು, ಸಂಜೆಗೆ ಮನೆಗೆ ಹೋಗುತ್ತೀ ಅಂದಿದ್ದೆ. ನಿಜಕ್ಕೂ ಹೋದ. ನನಗೂ ಅವತ್ತು ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು.”

ಆಕೆ ಹೇಳಿದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿಸಿದ್ದು ನನ್ನ ದನಿ. ಒಪ್ಪಿಕೊಂಡಬಿಡು. ಸಂಜೀತನಕ ಕುಂತು ಮನೀಗೆ ಹೋಗು. ಜೇಬಿನ ಡೈರಿ ತೆಗೆದು ನೋಡಿದೆ. ಫಕ್ಕೀರಪ್ಪನ ತಾರೀಖು ಎರಡೇ ದಿನ ದೂರದಲ್ಲಿತ್ತು.

ನಮ್ಮೂರಿನ ಸಾಹೇಬರಿಗೆ ಆ ನ್ಯಾಯಾಧೀಶರಂತೆ ಕೈ ಕಟ್ಟಿರಲಿಲ್ಲ, ನಿಜ. ನಮ್ಮ ಕಲಂನಲ್ಲಿ ‘ಕೊಡಬಹುದು’ ಎಂದಿದೆ, ‘ಕೊಡಲೇಬೇಕು’ ಎಂದಿಲ್ಲ. ಆದರೆ ಹೊರಗೆ ಮೈಕು ಗುಡುಗುತ್ತಿತ್ತು, ಸೈಕಲ್ಲು ಮುಖಂಡರ ಕಡೆಯವನದು, ಹಿಂದಿನ ಎರಡೂ ಒಪ್ಪಿಗೆಗಳು ನಾನೇ ಹೇಳಿ ಬರೆಸಿದವು. ಸೈಕಲ್ಲಿನವನು ರಾಜಿಗೆ ಬಂದರೂ ಉಪಯೋಗವಿರಲಿಲ್ಲ. ಹಿಂದೆ ಶಿಕ್ಷೆಯಾದ ಕಾರಣಕ್ಕೆ ಹೆಚ್ಚಿನ ಸಜೆಗೆ ಗುರಿಯಾದವನ ಪ್ರಕರಣ ರಾಜಿಯಾಗುವುದಿಲ್ಲ. ಈಗ ಮೂರನೆಯದನ್ನೂ ಒಪ್ಪಿಬಿಟ್ಟರೆ ಅವನು ವರ್ಷಗಟ್ಟಲೆ ಒಳಗೆ ಹೋಗಬಹುದು. ಇದೆಲ್ಲ ನನಗೆ ಮುಂಚೆಯೇ ಗೊತ್ತಿತ್ತು. ಸೂಟ್‌ಕೇಸಿನ ಗಡಿಬಿಡಿಯಲ್ಲಿ ಯೋಚಿಸಿರಲಿಲ್ಲ.

ಹೆರಾಲ್ಡನ ಟೆಲಿಫೋನು

ಅವತ್ತೇ ಸಂಜೆ, ಇನ್ನೂ ಬೆಳಕಿರುವಾಗ, ಹೆರಾಲ್ಡನ ಅಡುಗೆಮನೆಯ ಗೋಡೆಯ ಫೋನಿನಿಂದ ರಾಣೆಬೆನ್ನೂರಿಗೆ ಕರೆ ಹಚ್ಚಿದೆ. ನಮ್ಮ ಕಡೆ ಆಗ ಬೆಳಗಿನ ಎಂಟು. ಮಂಜುನಾಥನ ಮನೆಯಲ್ಲಿ ಫೋನಿರಲಿಲ್ಲ. ಆದರೆ ಕೋರ್ಟಿನ ಎದುರಿನ ಎಸ್‌ಟಿಡಿ ಬೂತಿನ ಪಕ್ಕದಲ್ಲೇ ಅವನು ದಿನಾ ಆ ಹೊತ್ತಿಗೆ ಚಹಾ ಕುಡಿಯುತ್ತಿದ್ದ. ನಾಲ್ಕನೇ ಸಲಕ್ಕೆ ಕರೆ ಹತ್ತಿತು. ಬೂತಿನ ಮಾಲೀಕ ನನ್ನ ದನಿ ಗುರುತಿಸಿ, ಅಲ್ಲಿ ಥಂಡಿ ಹೆಂಗೈತಿ, ಊಟಕ್ಕ ಏನ್ ಕೊಡ್ತಾರ ಎಂದು ವಿಚಾರಿಸತೊಡಗಿದ. ಅವನನ್ನು ದಾಟಿ ಮಂಜುನಾಥ ಸಿಗುವಷ್ಟರಲ್ಲಿ ನಾನು ಬೆವರಿದ್ದೆ.

“ಮಂಜುನಾಥ, ಫಕ್ಕೀರಪ್ಪ ಒಪ್ಪಿಕೋಬಾರದು. ಕೇಳಿಸ್ತೇನು? ಇಲ್ಲ ಅನ್ಬೇಕು.”

“ಸರ್, ನೀವ ಹೇಳಿದ್ರೆಲ್ಲ, ಒಪ್ಪಿಕೊಳ್ಳಲಿ ಅಂತ?”

“ನಾ ತಪ್ಪು ಹೇಳೇನಿ. ಆಂವಗ ಲಗೂನ ಹೋಗಿ ಹೇಳು. ಇವತ್ತ ಮೋಟೆಬೆನ್ನೂರಿಗೆ ಹೋಗು.”

“ಹೋಗ್ತೇನ್ರಿ ಸರ್. ನೀವು ಅರಾಮ ಅದೀರಲ್ರಿ?”

ಫೋನು ಇಟ್ಟಾಗ ಮಾರ್ಗರೆಟ್ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ನನ್ನ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡಿದ್ದರು. ಅವರ ಸಮಾಧಾನಕ್ಕಾಗಿ ಇಬ್ಬರಿಗೂ ಕತೆಯೆಲ್ಲ ಹೇಳಬೇಕಾಯಿತು. ಕೆಂಪು ಕೋಟು, ಕೊನೇ ಬಸ್ಸು, ಚೈನಿಗೆ ಎಣ್ಣೆ, ಕೋರ್ಟು ಏಳುವ ತನಕದ ಬೆಂಚು.

“ಸಂಜೆಯವರೆಗೆ ಬೆಂಚಿನ ಮೇಲೆ ಕೂರುವುದು? ಅದು ಶಿಕ್ಷೆಯಾ?” ಎಂದು ಹೆರಾಲ್ಡ್ ನಗತೊಡಗಿದವನು ನನ್ನ ಮುಖ ನೋಡಿ ನಿಲ್ಲಿಸಿದ. “ನಾವು ಮತ ಹಾಕುವುದು ಅಂಥವನನ್ನು ಒಳಗೆ ಹಾಕಲಿ ಅಂತಲ್ಲ,” ಎಂದ.

“ಗೊತ್ತು,” ಎಂದೆ. “ಇವತ್ತು ಒಳಗೆ ಹೋದವನೂ ಹೊಡೆದವನಲ್ಲ.”

ಅವನು ಅಂಗಳದ ಫಲಕ ಕೀಳಲಿಲ್ಲ. ಕೀಳುತ್ತಾನೆಂದು ನಾನು ಎಣಿಸಿರಲೂ ಇಲ್ಲ. ಆದರೆ ನಾನು ಹೊರಡುವ ದಿನ ಒಂದು ಚೀಲ ಒಣದ್ರಾಕ್ಷಿ ಕೊಟ್ಟು, “ಇದರಲ್ಲಿ ಅರ್ಧ ಆ ಬ್ಯಾಂಡಿನವನಿಗೆ. ಏನಾಯಿತೆಂದು ಬರೆಯಿರಿ,” ಎಂದ. ಉಳಿದ ದಿನಗಳಲ್ಲಿ ನನಗೆ ಸಮುದ್ರ ತೋರಿಸಿದರು, ಬಾನೆತ್ತರದ ಮರಗಳನ್ನು ತೋರಿಸಿದರು. ಚೆನ್ನಾಗಿದ್ದವು. ನನ್ನ ಮನಸ್ಸು ಅಲ್ಲಿರಲಿಲ್ಲ, ಆದ್ದರಿಂದ ಅವುಗಳನ್ನು ವರ್ಣಿಸುವ ಹಕ್ಕೂ ನನಗಿಲ್ಲ.

ಮರಳಿ ರಾಣೆಬೆನ್ನೂರು

ರೈಲು ತುಂಗಭದ್ರೆ ದಾಟಿದಾಗ ಕಿಟಕಿಯಿಂದ ಬಂದ ಗಾಳಿಯಲ್ಲೇ ಊರು ಗೊತ್ತಾಯಿತು. ಸ್ಟೇಷನ್ನಿನಲ್ಲಿ ಹಸೀನಾ, ಮಕ್ಕಳು, ಅವರ ಹಿಂದೆ ಹೂವಿನ ಹಾರ ಹಿಡಿದ ಮಂಜುನಾಥ. ಅವನ ಮುಖ ಸರಿಯಿರಲಿಲ್ಲ. ಹಾರ ಹಾಕಿಸಿಕೊಳ್ಳುವ ಮೊದಲೇ ಕೇಳಿದೆ.

“ಆಂವ ಒಪ್ಪಿಕೊಂಡಬಿಟ್ಟಾನ್ರಿ ಸರ್,” ಎಂದ ಮಂಜುನಾಥ.

“ನೀ ಹೇಳಿರಲಿಲ್ಲೇನು?”

“ಮನೀಗೇ ಹೋಗಿ ಹೇಳೇನ್ರಿ. ಕೋರ್ಟಿನ ಮುಂದೂ ಹೇಳೇನಿ. ಹೂಂ ಹೂಂ ಅಂದ. ಒಳಗ ಸಾಹೇಬ್ರು ಕೇಳಿದ ಕೂಡ್ಲೆ, ಕೈ ಮುಗದು, ತಪ್ಪಾಗೈತ್ರಿ ಅಂದಬಿಟ್ಟ. ಯಾಕೋ ಹಿಂಗ ಮಾಡ್ದಿ ಅಂದ್ರ, ನೀವು ಹುಡುಗ್ರು, ವಕೀಲ್ರು ಬಾಯಿಲೆ ಹೇಳಿದ್ದ ನನಗ ಖರೇ ಅಂದ್ನಿರಿ.”

ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಅವನು ನನ್ನನ್ನು ಅಷ್ಟು ನಂಬಿದ್ದ. ನಾನು ಅಮೆರಿಕದಿಂದ ಕಳಿಸಿದ ಸರಿಯಾದ ಮಾತಿಗಿಂತ ಆಫೀಸಿನಲ್ಲಿ ಅವಸರದಲ್ಲಿ ಆಡಿದ ತಪ್ಪು ಮಾತೇ ಅವನಿಗೆ ದೊಡ್ಡದಾಗಿತ್ತು. ಮಕ್ಕಳು ಸೂಟ್‌ಕೇಸಿನಲ್ಲಿ ಏನಿದೆಯೆಂದು ಕೇಳುತ್ತಿದ್ದರು.

“ಸಜಾ ಎಷ್ಟು ಕೊಟ್ರು?” ಎಂದೆ.

“ಅದ ಹೇಳಾಕತ್ತೇನ್ರಿ. ಸಾಹೇಬ್ರು ಬರಕೊಳ್ಳಲಿಲ್ಲ. ಪೆನ್ನು ಎತ್ತಿದವ್ರು ಎಪ್ಪತ್ತೈದು ನೋಡಿ ಕೆಳಗಿಟ್ರು. ನಿಮ್ಮ ವಕೀಲ್ರು ಎಲ್ಲ್ಯದಾರ ಅಂತ ಕೇಳಿದ್ರು. ಅಮೇರಿಕಾಕ್ಕ ಹೋಗ್ಯಾರ್ರಿ ಅಂದ ಇಂವ. ಕೋರ್ಟಿಗೆ ಕೋರ್ಟ ನಕ್ತು. ಸಾಹೇಬ್ರು ನಗಲಿಲ್ಲ. ‘ಒಪ್ಪಿಕೊಂಡ ಅಂತ ಶಿಕ್ಷಾ ಕೊಡಾಕಬೇಕು ಅಂತೇನಿಲ್ಲ. ಅವರು ಬರಲಿ’ ಅಂದು ತಾರೀಖ ಕೊಟ್ಟಾರ್ರಿ.”

ಆ ಮ್ಯಾಜಿಸ್ಟ್ರೇಟರು ಮಾತು ಕಡಿಮೆಯ ಮನುಷ್ಯ. ವಾದ ಉದ್ದವಾದರೆ ಗಡಿಯಾರ ನೋಡಿ ನಮ್ಮನ್ನು ಕೂರಿಸುತ್ತಿದ್ದರು, ನಾವು ಹಿಂದಿನಿಂದ ಗೊಣಗುತ್ತಿದ್ದೆವು. ಅವತ್ತು ಸ್ಟೇಷನ್ನಿನಲ್ಲಿ ನನಗೆ ಅವರ ಮೇಲೆ ಉಕ್ಕಿದ ಪ್ರೀತಿಯನ್ನು ಅವರಿಗೆ ಯಾವತ್ತೂ ಹೇಳಲಾಗಲಿಲ್ಲ. ಆ ದ್ರಾಕ್ಷಿಯ ಊರಿನ ನ್ಯಾಯಾಧೀಶರಿಗೂ ಕೆಳಗಿಡಲು ಒಂದು ಪೆನ್ನು ಬಿಟ್ಟಿದ್ದರೆ ಅವರೂ ಇಡುತ್ತಿದ್ದರೇನೋ. ಅವರ ಕನ್ನಡಕ ಮೇಜಿನ ಮೇಲಿದ್ದದ್ದು ಇನ್ನೂ ಕಣ್ಣ ಮುಂದಿದೆ.

ಮುಂದಿನ ತಾರೀಖಿಗೆ ಫಕ್ಕೀರಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ನನ್ನ ಬಾಯಿಂದಲೇ ಹೇಳಿದೆ, ಇಲ್ಲ ಅನ್ನು ಎಂದು. ಅಂದ. ವಿಚಾರಣೆ ನಡೆಯಿತು. ಚುನಾವಣೆ ಮುಗಿದು ಗೋಡೆಗಳ ಮೇಲಿನ ಪೋಸ್ಟರುಗಳು ಹರಿದವು. ಸೈಕಲ್ಲಿನ ಕಾರ್ಯಕರ್ತ ಸಾಕ್ಷಿ ಹೇಳಲು ಬಂದು, ಸೈಕಲ್ಲಿನಲ್ಲಿ ಏನೂ ಕಡಿಮೆಯಾಗಿರಲಿಲ್ಲ, ಗಂಟೆ ಮಾತ್ರ ಮುಂಚಿಗಿಂತ ಚಲೋ ಸದ್ದು ಮಾಡುತ್ತಿತ್ತು ಎಂದು ಒಪ್ಪಿಕೊಂಡ. ಹಿಂದಿನ ಎರಡು ಒಪ್ಪಿಗೆಗಳ ವಿಷಯ ಬಂದಾಗ ನಾನು ಎದ್ದು ನಿಂತು, ಅವು ಅವನವಲ್ಲ, ತಾರೀಖಿನ ಕಾಟ ತಪ್ಪಿಸಲು ನಾನು ಹೇಳಿಕೊಟ್ಟವು ಎಂದೆ. ವಕೀಲನಾದವನು ತುಂಬಿದ ಕೋರ್ಟಿನಲ್ಲಿ ಹಾಗೆ ಹೇಳಬಾರದು. ಸರ್ಕಾರಿ ವಕೀಲರು ನನ್ನ ಕಡೆ ಬೆರಗಾಗಿ ನೋಡಿದರು.

ತೀರ್ಪಿನಲ್ಲಿ ಸಾಹೇಬರು ಸೈಕಲ್ಲು ಒಯ್ದದ್ದು ತಪ್ಪೇ ಎಂದು ಬರೆದರು. ಕಾನೂನು ಹೆಚ್ಚು ಕೊಡಬಹುದು ಅನ್ನುತ್ತದೆ, ಕೊಡಬೇಕಾದ ಮನುಷ್ಯ ಇವನಲ್ಲ ಎಂದೂ ಬರೆದರು. ಸಣ್ಣ ದಂಡ, ಮತ್ತು ಕೋರ್ಟು ಏಳುವ ತನಕ ಸಜೆ.

ಹೆರಾಲ್ಡನಿಗೆ ಅಷ್ಟನ್ನು ಬರೆದು ಕಳಿಸಿದೆ. ಅವರ ಕಡೆ ಆ ಕಾನೂನು ಮತದಲ್ಲಿ ಗೆದ್ದಿತ್ತು. ಅವನು ಉತ್ತರದಲ್ಲಿ ಆ ಸುದ್ದಿಯನ್ನೇ ಎತ್ತಲಿಲ್ಲ, ರೊಟ್ಟಿ ಮಾಡುವ ಬಗೆಯನ್ನು ಮಾರ್ಗರೆಟ್ ಕೇಳುತ್ತಿದ್ದಾಳೆ ಎಂದು ಬರೆದಿದ್ದ. ಈಗ ನಮ್ಮ ಹಳೇ ಕೋರ್ಟಿಲ್ಲ, ಬೇವಿನ ಮರವೂ ಇಲ್ಲ, ಮದುವೆಗಳಲ್ಲಿ ಕ್ಲಾರಿನೆಟ್ ಕೇಳಿ ಯಾವ ಕಾಲವಾಯಿತೋ. ಆ ಬೆಂಚು ಎಲ್ಲಿ ಹೋಯಿತೆಂದು ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಅದರ ಮೇಲೆ ನಾನೂ ಒಂದು ದಿನ ಕೂತಿದ್ದೇನೆ.

ತೀರ್ಪು ಓದಿದ ಆ ದಿನವೇ. ಫಕ್ಕೀರಪ್ಪ ಹಿಂದಿನ ಗೋಡೆಗೆ ಹೋಗಿ ತನ್ನ ಜಾಗದಲ್ಲಿ ಕೂತ. ನನಗೆ ಅವತ್ತು ಬೇರೆ ಕೇಸುಗಳಿದ್ದವು, ಮಂಜುನಾಥನಿಗೆ ಒಪ್ಪಿಸಿದೆ. ಕರೀ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, ಜೇಬಿನಲ್ಲಿ ಹೆರಾಲ್ಡನ ಒಣದ್ರಾಕ್ಷಿಯ ಪೊಟ್ಟಣ ಇಟ್ಟುಕೊಂಡು, ಹೋಗಿ ಅವನ ಪಕ್ಕ ಕೂತೆ. ಗಡಿಯಾರದಲ್ಲಿ ಆಗಿನ್ನೂ ಹನ್ನೆರಡೂವರೆ. ಮೇಲಿನಿಂದ ಸಾಹೇಬರು ಒಮ್ಮೆ ನೋಡಿದರು, ಮುಂದಿನ ಫೈಲು ತೆಗೆದರು.

ಫಕ್ಕೀರಪ್ಪ ಮೊಣಕಾಲಿನ ಮೇಲಿನ ಬೆರಳು ನಿಲ್ಲಿಸಿದ.

“ವಕೀಲ್ರ, ನೀವ್ಯಾಕ ಇಲ್ಲಿ ಕುಂತ್ರಿ?” ಎಂದು ಪಿಸುಗುಟ್ಟಿದ. “ನಿಮಗೂ ಸಜಾ ಆಗೈತೇನ್ರಿ?”

“ಹೂಂ,” ಎಂದೆ. “ನಂದೂ ಮೂರನೇ ಸಲ.”

ಅವನು ಪಕ್ಕಕ್ಕೆ ಸರಿದು, ನಾನು ಸರಿಯಾಗಿ ಒರಗಿ ಕೂರುವಷ್ಟು ಜಾಗ ಮಾಡಿಕೊಟ್ಟ.